ವರ ಸಿಕ್ಕ ಮಾತ್ರಕ್ಕೆ ಕಥೆ ಕೆಡುವುದಿಲ್ಲ

ಆಟದ ಪಾತ್ರಕ್ಕೆ ವಾಸ್ತವವನ್ನೇ ಬದಲಿಸುವ ದೈವೀ ಶಕ್ತಿ ಕೊಟ್ಟರೆ ಸೋಲಿನ ಭಯ ಹೋಗುತ್ತದೆ, ಕಥೆಗೆ ತರ್ಕ ಉಳಿಯುವುದಿಲ್ಲ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಭಯ ಬೇಕು, ಒಪ್ಪೋಣ. ಆದರೆ ತಪ್ಪು ಶಕ್ತಿಯದ್ದಲ್ಲ, ಕಟ್ಟುಪಾಡಿಲ್ಲದ ಶಕ್ತಿಯದ್ದು.

ಹಲಸೂರಿನ ಸೋಮೇಶ್ವರ ದೇವಸ್ಥಾನದಲ್ಲಿ ರಾವಣ ಕೈಲಾಸವನ್ನೇ ಎತ್ತುವ ಶಿಲ್ಪವಿದೆ. ಲೇಖಕರು ಒಮ್ಮೆ ಹೋಗಿ ನೋಡಲಿ. ಬೆಟ್ಟ ಎತ್ತಿದ ಅದೇ ರಾವಣ ಶಿವನ ಕಾಲ್ಬೆರಳ ಒತ್ತಿಗೆ ಸಿಕ್ಕಿ ಒದ್ದಾಡುತ್ತಾನೆ. ಬ್ರಹ್ಮನಲ್ಲಿ ವರ ಬೇಡುವಾಗ ಮನುಷ್ಯರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ರಾಮಾಯಣಕ್ಕೆ ದಾರಿಯಾದದ್ದು ಆ ಒಂದು ಬಿರುಕು.

ಆಟ ಕಟ್ಟುವವರಿಗೂ ಇದು ಗೊತ್ತು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ 2014ರ ನಿಯಮಗಳಲ್ಲಿ ‘ವಿಶ್’ ಮಂತ್ರದಿಂದ ಬೇಕಾದ್ದನ್ನು ಕೇಳಬಹುದು. ಆದರೆ ಇನ್ನೊಂದು ಮಂತ್ರದ ಬದಲಿಗಲ್ಲದೆ ಬೇರೆ ಕೆಲಸಕ್ಕೆ ಬಳಸಿದರೆ, ಅದನ್ನು ಶಾಶ್ವತವಾಗಿ ಕಳೆದುಕೊಳ್ಳುವ ಸಾಧ್ಯತೆ ಶೇ 33. ಇದಕ್ಕಿಂತ ದೊಡ್ಡ ಭಯ ಬೇಕೆ?

1996ರ ‘ಡ್ಯಾಗರ್‌ಫಾಲ್’ ಆಟಕ್ಕೆ ಹಲವು ಅಂತ್ಯಗಳು. ಯಾವುದು ನಿಜ? ಕಾಲವೇ ಮುರಿದು ಎಲ್ಲವೂ ಒಟ್ಟಿಗೆ ನಡೆದವು ಎಂದಿತು ಸರಣಿಯ ಮುಂದಿನ ಕಥನ. ಪ್ರತಿ ಆಟಗಾರನ ಆಯ್ಕೆಯನ್ನೂ ಉಳಿಸಿದ್ದು ವಾಸ್ತವವನ್ನು ಬಾಗಿಸಿದ ಆ ಶಕ್ತಿಯೇ. ಲೇಖಕರು ಕೊಟ್ಟ ಉದಾಹರಣೆಗಳಲ್ಲಿ ಈ ಎರಡೂ ಆಟಗಳಿಲ್ಲ.