ಕೋಡು ಎಣಿಸಬ್ಯಾಡ್ರಿ, ಮೈ ನೋಡ್ರಿ

ಹೋದ ವಾರ ನಮ್ಮ ಮನಿತನದ ವಾಟ್ಸಾಪ್ ಗುಂಪಿನ್ಯಾಗ ಒಂದು ಸುದ್ದಿ ಹಾಕಿದ್ದೆ. ನನ್ನ ಮಗಳು ಬ್ಯಾಟಿಗೆ ಹೋಗಿದ್ಲು, ಎಂಟು ಕವಲಿನ ಗಂಡು ಚಿಗರಿ ಎದುರಿಗೇ ಬಂದು ನಿಂತಿತ್ತು, ಆದರೂ ಗುಂಡು ಹಾರಿಸದ ಹಂಗ ಮನಿಗೆ ಬಂದ್ಲು ಅಂತ. ಹಾಕಿದ್ದೇ ತಡ, ಶುರುವಾತು ನೋಡ್ರಿ. ಚಿಗವ್ವ ಬರದ್ಲು, “ಬಾಯಿಗೆ ಬಂದ ತುತ್ತು ಬಿಟ್ಟು ಬಂದ್ಲಲ್ಲವಾ!” ನಮ್ಮ ವೈನಿ, “ಕೂಸು ಹೆದರಿರಬೇಕು ಬಿಡು” ಅಂದ್ರು. ಇನ್ನೊಬ್ಬಾಕಿ, “ಹೆಣ್ಣಹುಡುಗಿ ಕೈಯಾಗ ಬಂದೂಕು ಯಾಕ ಕೊಟ್ಟಿ?” ಅಂತ ಕೇಳಿದ್ಲು.

ಕಡೀ ಪ್ರಶ್ನಿಗೆ ಇನ್ನೊಂದು ದಿನ ಉತ್ತರ ಕೊಡ್ತೀನಿ. ಮೊದಲಿನ ಎರಡಕ್ಕ ಮಾತ್ರ ಇವತ್ತ ಹೇಳಿಬಿಡ್ತೀನಿ. ಆಕಿ ಹೆದರಲಿಲ್ಲ, ತುತ್ತೂ ಬಿಡಲಿಲ್ಲ. ಆ ಚಿಗರಿ ಒಂದೂವರಿ ವರ್ಷದ್ದು ಅಂತ ದೂರದಿಂದ ಗುರುತು ಹಿಡಿದ್ಲು, ಬಿಟ್ಲು. ನನ್ನ ಪ್ರಕಾರ ಹೊಡೆಯೋದಕ್ಕಿಂತ ಅದು ದೊಡ್ಡ ಕೆಲಸ.

ನಮ್ಮ ಕಡೆ ಬ್ಯಾಟಿ ಅಂದ್ರ ಅಪರಾಧ. 1972ರ ವನ್ಯಜೀವಿ ಕಾಯ್ದೆ ಬಂದ ಮ್ಯಾಲ ಅದು ಮುಗಿದ ಮಾತು, ಮುಗಿದದ್ದೂ ಛಲೋನ ಆತು. ಆದರ ನಾವಿರೋ ಪೆನ್ಸಿಲ್ವೇನಿಯಾದಾಗ ಬಿಳಿಬಾಲದ ಚಿಗರಿ ಲೆಕ್ಕ ಇಲ್ಲದಷ್ಟು. ತೋಟ ಉಳಿಯೋದಿಲ್ಲ, ರಾತ್ರಿ ಕಾರಿಗೆ ಅಡ್ಡ ಬರ್ತಾವ. ನವೆಂಬರ್ ಕೊನಿಗೆ ಬಂದೂಕಿನ ಬ್ಯಾಟಿ ಶುರುವಾದ್ರ ಊರಿಗೂರ ಕಿತ್ತಳಿ ಬಣ್ಣದ ಅಂಗಿ ಹಾಕ್ಕೊಂಡು ಕಾಡು ಸೇರತದ. ಲೈಸೆನ್ಸ್ ಬೇಕು, ಹೊಡೆದ ಪ್ರಾಣಿಗೆ ಚೀಟಿ ಕಟ್ಟಬೇಕು, ಸಣ್ಣ ಮಕ್ಕಳ ಜೋಡಿ ದೊಡ್ಡವರು ಇರಬೇಕು. ನನ್ನ ಮಗಳ ಜೋಡಿ ಹೋಗೋದು ಬಾಜೂ ಮನಿ ಅಜ್ಜಿ. ಎಪ್ಪತ್ತು ದಾಟ್ಯಾಳ, ಕಣ್ಣು ಮಾತ್ರ ಹದ್ದಿನ ಕಣ್ಣು.

ಈಗ ಕೋಡಿನ ಮಾತಿಗೆ ಬರೋಣು. ಕನ್ನಡದಾಗ ನಾವು ಎಲ್ಲಾದಕ್ಕೂ “ಕೋಡು” ಅಂತೀವಿ, ಅಲ್ಲೇ ತಪ್ಪು ತಿಳಕೊಳ್ಳೋದು. ರಾಣೇಬೆನ್ನೂರಿನ ಕಡೆ ಹೊಲದಾಗ ಕಾಣೋ ಕೃಷ್ಣಮೃಗದ ಕೋಡು ಒಮ್ಮೆ ಬಂದ್ರ ಬಂತು, ಉದುರೋದಿಲ್ಲ. ವಯಸ್ಸು ಏರಿಧಂಗ ಅದರ ಸುರುಳಿ ಬೆಳೀತಾವ, ಗಂಡಿನ ಮೈಬಣ್ಣ ಕಪ್ಪಾಗ್ತದ. ಅಲ್ಲಿ ಕೋಡು ನೋಡಿ ಸಣ್ಣದೋ ದೊಡ್ಡದೋ ಅಂತ ಸ್ವಲ್ಪರ ಹೇಳಬಹುದು. ಈ ಬಿಳಿಬಾಲದ ಚಿಗರಿದು ಹಂಗಲ್ಲ. ಪ್ರತಿ ವರ್ಷ ಚಳಿಗಾಲದಾಗ ಕೋಡು ಉದುರಿಬೀಳ್ತಾವ, ವಸಂತಕ್ಕ ಮತ್ತ ಹೊಸಾವು ಚಿಗೀತಾವ, ಮ್ಯಾಲ ಮಕಮಲ್ಲಿನಂಥ ತೊಗಲು. ಸೆಪ್ಟೆಂಬರ್ ಹೊತ್ತಿಗೆ ಆ ತೊಗಲು ತಿಕ್ಕಿ ತಗೀತಾವ. ಎಷ್ಟು ಕವಲು ಬರ್ತಾವ ಅನ್ನೋದು ವಯಸ್ಸಿನ ಮ್ಯಾಲೂ ಐತಿ, ತಿಂದ ಮೇವಿನ ಮ್ಯಾಲೂ ಐತಿ, ತಂದಿ-ತಾಯಿ ರಕ್ತದ ಮ್ಯಾಲೂ ಐತಿ. ಛಲೋ ಮೇವು ಸಿಕ್ಕಿದ್ದು ಒಂದೂವರಿ ವರ್ಷಕ್ಕ ಎಂಟು ಕವಲು ಹೊತ್ತು ತಿರಗತದ. ಸಿಗದಿದ್ದರ ಅದೇ ವಯಸ್ಸಿನ ಇನ್ನೊಂದಕ್ಕ ಬರೇ ಎರಡು ಸೂಜಿ. ಮೀಸಿ ದಪ್ಪ ಬಂತು ಅಂತ ಹುಡುಗನಿಗೆ ಬುದ್ಧಿ ಬಂತೇನ್ರಿ? ಹಂಗ ಇದು.

ಹಂಗಾದ್ರ ಏನು ನೋಡಬೇಕು? ಮೈ. ಅಜ್ಜಿ ನನ್ನ ಮಗಳಿಗೆ ಹೇಳಿಕೊಟ್ಟಿದ್ದು ಇಷ್ಟ: ಮೊದಲು ತಲಿ ಮುಚ್ಚಿದಂಗ ಮಾಡ್ಕೊ, ಕೋಡು ಇಲ್ಲವೇ ಇಲ್ಲ ಅನ್ಕೊ, ಆಮ್ಯಾಲ ನೋಡು.

ಮರಿ ಹುಟ್ಟೋದು ಮೇ ಕೊನಿ, ಜೂನ್ ಹೊತ್ತಿಗೆ. ಹಂಗಾಗಿ ಬ್ಯಾಟಿ ಕಾಲಕ್ಕ ಎಲ್ಲಾವು ಅರ್ಧರ್ಧ ವರ್ಷದ ಲೆಕ್ಕದಾಗ ಇರ್ತಾವ, ಒಂದೂವರಿ, ಎರಡೂವರಿ, ಮೂರೂವರಿ. ಒಂದೂವರಿ ವರ್ಷದ್ದು ಹೆಣ್ಣು ಚಿಗರಿ ತಲಿಮ್ಯಾಲ ಕೋಡು ಕಟ್ಟಿಧಂಗ ಕಾಣತದ. ಕುತ್ತಿಗಿ ಸಣ್ಣ, ನಡಾ ಸಣ್ಣ, ಕಾಲು ಮೈಗಿಂತ ಉದ್ದ ಅನ್ನಸ್ತಾವ. ಎರಡೂವರಿದು ಸ್ವಲ್ಪ ತುಂಬಿರತದ, ಆದರ ಕಾಲು ಇನ್ನೂ ಉದ್ದನ. ಮೂರೂವರಿ ಅಂದ್ರ ಗರಡಿಮನಿ ಹುಡುಗ: ಎದಿ ಇಳದಿರತದ, ಹೊಟ್ಟಿ ಮಾತ್ರ ಬಿಗಿ. ನಾಲ್ಕೂವರಿ ದಾಟಿದ್ರ ಮೈ ತುಂಬಿ ಕಾಲು ಗಿಡ್ಡ ಆಧಂಗ ಕಾಣತದ. ಐದೂವರಿ-ಆರೂವರಿ ಅಂದ್ರ ಊರ ಹಿರೇರು ಇದ್ದಂಗ. ಕುತ್ತಿಗಿ ಎಲ್ಲಿ ಮುಗೀತು, ಎದಿ ಎಲ್ಲಿ ಶುರುವಾತು ಗೊತ್ತಾಗೋದಿಲ್ಲ, ಹೊಟ್ಟಿ ಜೋತಿರತದ, ಬೆನ್ನು ಒಂಚೂರು ಬಾಗಿರತದ.

ಇದರಾಗೂ ಮೋಸ ಐತಿ. ನವೆಂಬರ್ ನಡುವ ಬೆದಿ ಕಾಲ, ಗಂಡಿನ ಕುತ್ತಿಗಿ ಉಬ್ಬತದ. ಬೆದಿ ಮುಗಿಯೋ ಹೊತ್ತಿಗೆ ಮೇವು ಬಿಟ್ಟು ಹೆಣ್ಣಿನ ಹಿಂದ ಓಡಿ ಓಡಿ ಸೊರಗಿರತದ. ಬಂದೂಕಿನ ಬ್ಯಾಟಿ ಶುರುವಾಗೋದು ಆವಾಗನ. ಬರೇ ಕುತ್ತಿಗಿ ಅಥವಾ ಬರೇ ಹೊಟ್ಟಿ ನೋಡಿ ಹೇಳಿದ್ರ ತಪ್ಪತದ. ಎಲ್ಲಾ ಸೇರಿಸಿ, ಬಾಜೂಕ ಇನ್ನೊಂದು ಚಿಗರಿ ಇದ್ರ ಅದರ ಜೋಡಿ ಹೋಲಿಸಿ ನೋಡಬೇಕು.

ನಮ್ಮಪ್ಪ ಸಂತ್ಯಾಗ ಹೋತ ಕೊಳ್ಳುವಾಗ ಕೋಡು ನೋಡ್ತಿದ್ದಿಲ್ಲ, ತುಟಿ ಎತ್ತಿ ಹಲ್ಲು ನೋಡ್ತಿದ್ದ. ಹಾಲಹಲ್ಲು, ಎರಡಹಲ್ಲು, ನಾಕಹಲ್ಲು, ಬಾಯಿಗೂಡಿದ್ದು ಅಂತ ಲೆಕ್ಕ. ಕೊಡೋ ಮನಿಶ್ಯಾ ಏನರ ಹೇಳ್ಲಿ, ಹಲ್ಲು ಸುಳ್ಳು ಹೇಳೋದಿಲ್ಲ ಅಂತಿದ್ದ. ಇಲ್ಲೂ ಹಲ್ಲಿನ ಲೆಕ್ಕ ಐತಿ, ಆದರ ಸತ್ತ ಮ್ಯಾಲ. ದವಡಿಯ ಮೂರನೇ ಹಲ್ಲು ಮೂರು ಭಾಗದ್ದಿದ್ರ ಅದು ಹಾಲಹಲ್ಲು. ಒಂದೂವರಿ ವರ್ಷದ ಸುಮಾರಿಗೆ ಅದು ಬಿದ್ದು ಎರಡು ಭಾಗದ್ದು ಬರತದ. ಅಲ್ಲಿಂದ ಮುಂದ ಹಲ್ಲು ಎಷ್ಟು ಸವದಾವ ಅಂತ ನೋಡ್ತಾರ. 1949ರಾಗ ನ್ಯೂಯಾರ್ಕಿನ ಸೆವೆರಿಂಗ್‌ಹೌಸ್ ಅನ್ನೋ ವಿಜ್ಞಾನಿ ಬರದಿಟ್ಟ ಪದ್ಧತಿ ಇವತ್ತಿಗೂ ನಡದೈತಿ. ಖಾತ್ರಿ ಬೇಕಂದ್ರ ಮುಂದಿನ ಹಲ್ಲು ಕೊಯ್ದು, ಮರದ ಉಂಗುರ ಎಣಿಸಿಧಂಗ ಎಣಿಸ್ತಾರ. ಅಪ್ಪ ಹೋತ ಕೊಳ್ಳೋಕಿಂತ ಮೊದಲು ಹಲ್ಲು ನೋಡ್ತಿದ್ದ, ಇಲ್ಲಿ ಪ್ರಾಣ ಹೋದ ಮ್ಯಾಲ ಹಲ್ಲು ನೋಡಬೇಕು. ಅದಕ್ಕ ಬಂದೂಕು ಎತ್ತೋಕಿಂತ ಮೊದಲು ಕಣ್ಣು ಕಲೀಬೇಕು ಅನ್ನೋದು ನನ್ನ ವಾದ.

ಇಲ್ಲಿ ಸರಕಾರ ಒಂದು ನಿಯಮ ಮಾಡೈತಿ. 2002ರಿಂದ ದೊಡ್ಡವರು ಗಂಡು ಚಿಗರಿ ಹೊಡೀಬೇಕಂದ್ರ ಒಂದು ಬದಿ ಕೋಡಿಗೆ ಕನಿಷ್ಠ ಮೂರು ಕವಲು ಇರಬೇಕು. ಸಣ್ಣ ಮಕ್ಕಳಿಗೆ ಸಡಿಲಿಕಿ ಐತಿ. ಅದಕ್ಕೂ ಮೊದಲು ಹೊಡೆದ ಗಂಡುಗಳಾಗ ಬಹಳಷ್ಟು ಒಂದೂವರಿ ವರ್ಷದಾವು. ನಿಯಮ ಬಂದ ಮ್ಯಾಲ ಸಣ್ಣಾವು ಉಳಿದು ದೊಡ್ಡವಾದವು. ಇದನ್ನ ನಾ ಒಪ್ತೀನಿ, ಯಾಕಂದ್ರ ಕವಲು ಎಣಿಸೋದು ಯಾರಿಗಾದ್ರೂ ಬರತದ. ಆದರ ನಿಯಮ ಎಣಿಸೋದು ಕವಲು, ವಯಸ್ಸಲ್ಲ. ನನ್ನ ಮಗಳ ಎದುರಿಗೆ ನಿಂತದ್ದು ಆ ನಿಯಮಕ್ಕ ಪಾಸಾಗಿತ್ತು. ಕಾನೂನು ಹೊಡಿ ಅಂದ್ರೂ ಆಕಿ ಕಣ್ಣು ಬ್ಯಾಡ ಅಂತು.

ಆ ಕಣ್ಣು ಸುಮ್ಮ ಬಂದದ್ದಲ್ಲ, ಅದನ್ನೂ ಹೇಳಬೇಕು. ಹಿಂದಿನ ವರ್ಷ ಆಕಿ ಹತ್ರ ಕೋಡಿಲ್ಲದ ಚಿಗರಿ ಹೊಡೆಯೋ ಚೀಟಿ ಇತ್ತು. ಸಂಜಿಮುಂದ ಒಂದು ಚಿಗರಿ ಒಬ್ಬಂಟಿಯಾಗಿ ಹೊಲಕ್ಕ ಬಂತು. ಹೆಣ್ಣು ಅನ್ಕೊಂಡು ಹೊಡೆದ್ಲು. ಹತ್ರ ಹೋಗಿ ನೋಡಿದ್ರ ಆರು ತಿಂಗಳ ಗಂಡು ಮರಿ. ತಲಿಮ್ಯಾಲ ತೊಗಲಿನ ಕೆಳಗ ಗುಂಡಿಯಂಥ ಎರಡು ಗುಬಟು. ಅವತ್ತು ರಾತ್ರಿ ಆಕಿ ಊಟ ಮಾಡಲಿಲ್ಲ. ನನಗೂ ಸಮಾಧಾನ ಹೇಳಾಕ ಬಾಯಿ ಬರಲಿಲ್ಲ. ಅಜ್ಜಿನೇ ಬಂದು ಕುಂತು ಹೇಳಿದ್ಲು: ಮರಿ ಮೂತಿ ಗಿಡ್ಡ, ಮೈ ಚೌಕ. ಹೆಣ್ಣಿನ ನೆತ್ತಿ ಕಿವಿಗಳ ನಡುವ ದುಂಡಗಿರತದ, ಗಂಡು ಮರಿದು ಚಪ್ಪಟಿ. ಮೊದಲು ಒಂದೇ ಹೊರಗ ಬಂದ್ರ ಸಂಶಯ ಪಡು, ಇನ್ನೊಂದು ಬರೋ ತನಕ ತಡಿ. ಬೈಲಿಲ್ಲ, ನಗಲಿಲ್ಲ. ಬೈದಿದ್ರ ಹುಡುಗಿ ಮುಂದ ಸುಳ್ಳು ಹೇಳೋದು ಕಲೀತಿದ್ಲು, ನೋಡೋದು ಕಲೀತಿದ್ದಿಲ್ಲ. ಆ ಮರಿ ಮಾಂಸಾನೂ ನಾವು ಒಂದು ತುಣುಕು ಚೆಲ್ಲದ ತಿಂದ್ವಿ.

ನನ್ನ ಮಾತಿಗೂ ಎದುರು ಮಾತು ಐತಿ. “ಸಾರಿಗೆ ಎಳೇದ ಛಲೋ” ಅಂತ ಅತ್ತಿ ಅಂದ್ರು. ಖರೇ, ಮುದಿ ಗಂಡಿನ ಮಾಂಸ ಗಟ್ಟಿ. ಆದರ ಅಡಗಿಮನಿಗೆ ಬೇಕಂದ್ರ ಹೆಣ್ಣಿನ ಚೀಟಿ ತಗೋಬೇಕು, ಸಂಖ್ಯಾ ಹತೋಟಿಗೆ ಬರೋದೂ ಅದರಿಂದನ. ಇನ್ನೊಂದು, ಇಲ್ಲಿ ಚಿಗರಿಗಳಿಗೆ ಮೆದುಳು ತಿನ್ನೋ ರೋಗ ಬಂದೈತಿ, ಪೆನ್ಸಿಲ್ವೇನಿಯಾದಾಗ ಮೊದಲು ಸಿಕ್ಕದ್ದು 2012ರಾಗ. ವಯಸ್ಸಾದ ಗಂಡುಗಳಾಗ ಅದು ಹೆಚ್ಚು. ರೋಗ ಇರೋ ಕಡೆ “ಬೆಳೀಲಿ ಬಿಡು” ಅನ್ನೋ ಮಾತು ನಡಿಯೋದಿಲ್ಲ, ಅಲ್ಲಿ ತಲಿ ಪರೀಕ್ಷಾಕ್ಕ ಕೊಟ್ಟು ಫಲಿತಾಂಶ ಬಂದ ಮ್ಯಾಲನ ಒಲಿಮ್ಯಾಲ ಇಡಬೇಕು.

ಅಷ್ಟ ಹೊರತು, ಆಗೋ ಕಡೆಯೆಲ್ಲಾ ಎಳೇದನ್ನ ಬಿಡಬೇಕು ಅನ್ನೋದ ನನ್ನ ಅಭಿಪ್ರಾಯ. ಖಾತ್ರಿ ಇಲ್ಲ ಅಂದ್ರ ಬೆರಳು ತಗೀಬೇಕು. ಬಿಟ್ಟು ಬಂದವರಿಗೆ “ಕೈ ಖಾಲಿ” ಅಂತ ನಗಬಾರದು. ಬರೋ ವರ್ಷ ಫೋನ್ ಮಾಡಿದಾಗ ಚಿಗವ್ವ, ವೈನಿ, ಎಲ್ಲಾರೂ “ಎಷ್ಟು ಕವಲಿತ್ತು?” ಅಂತ ಕೇಳಬ್ಯಾಡ್ರಿ. “ಎಷ್ಟು ವರ್ಷದ್ದು, ಹ್ಯಾಂಗ ಗೊತ್ತಾತು?” ಅಂತ ಕೇಳ್ರಿ. ಆಕಿ ಅರ್ಧ ತಾಸು ಹೇಳ್ತಾಳ. ಅಂಧಂಗ, ಸಾರಿನ ಚಿಂತಿ ಬ್ಯಾಡ. ಅಜ್ಜಿ ಒಂದು ಹೆಣ್ಣು ಹೊಡೆದಿದ್ಲು, ಒಂದು ತೊಡಿ ನಮ್ಮ ಮನಿಗೆ ಬಂದೈತಿ. ಕೊಬ್ಬೇ ಇಲ್ಲದ ಮಾಂಸ, ಶೇಂಗಾ ಎಣ್ಣಿ ಸ್ವಲ್ಪ ಕೈಬಿಟ್ಟು ಹಾಕಿ, ಒಣ ಕೊಬ್ಬರಿ ಹುರಿದು ಅರದು, ಸಣ್ಣ ಉರಿಮ್ಯಾಲ ಕುದಿಸೀನಿ. ಜೋಳದ ರೊಟ್ಟಿ ಜೋಡಿ ಭಾಳ ಛಲೋ ಹತ್ತತದ.