ಗಿಡ ಗಿಫ್ಟ್ ಕೊಡೋ ಮುಂಚೆ ಕಿಟಕಿ ನೋಡಿ

ಫ್ರೆಂಡ್ಸ್, ನೇರವಾಗಿ ಹೇಳ್ಬಿಡ್ತೀನಿ. ಹುಟ್ಟುಹಬ್ಬಕ್ಕೆ ಸಿಕ್ಕಸಿಕ್ಕವರಿಗೆಲ್ಲ ಗಿಡ ಕೊಡೋದನ್ನ ನಿಲ್ಸಿ. ಮೊದಲ ಫೋಟೋದಲ್ಲಿರೋ ಕಪ್ಪು ಬೇರು ನೋಡಿದ್ರಾ? ಕಳೆದ ವರ್ಷ ನೀವೆಲ್ಲ ದುಡ್ಡು ಸೇರಿಸಿ ನನಗೆ ಕೊಡಿಸಿದ ಮಾನ್‌ಸ್ಟೆರಾ ಅದು. ಕೊಂದಿದ್ದು ನಾನೇ. ಪ್ರೀತಿಯಿಂದ, ದಿನಾ ನೀರು ಹಾಕಿ.

ಅಂಗಡಿಯವರು ಏನಂದಿದ್ರು ನೆನಪಿದ್ಯಾ? "ಲೋ ಲೈಟ್ ಪ್ಲಾಂಟು, ಎಲ್ಲಿಟ್ರೂ ಬದುಕತ್ತೆ, ದಿನಕ್ಕೊಂದು ಲೋಟ ನೀರು ಸಾಕು." ನನ್ನ ಪಿಜಿ ರೂಮಿಗಿರೋದು ಒಂದೇ ಕಿಟಕಿ, ಅದರೆದುರು ಪಕ್ಕದ ಬಿಲ್ಡಿಂಗ್ ಗೋಡೆ. ನಾನು ಆ ಕಿಟಕಿ ಹತ್ರಾನೂ ಇಡ್ಲಿಲ್ಲ. ಪುಸ್ತಕದ ಶೆಲ್ಫ್ ಪಕ್ಕ ಇಟ್ಟೆ, ರೀಲ್‌ಗೆ ಚೆನ್ನಾಗಿ ಕಾಣ್ತಿತ್ತು.

ಕಡಿಮೆ ಬೆಳಕನ್ನ ತಡ್ಕೊಳ್ಳೋದು ಬೇರೆ, ಇಷ್ಟಪಡೋದು ಬೇರೆ ಕಣ್ರಪ್ಪಾ. ಮೆಕ್ಸಿಕೋದಿಂದ ಪನಾಮಾವರೆಗಿನ ಕಾಡಲ್ಲಿ ಮಾನ್‌ಸ್ಟೆರಾ ಮರ ಹತ್ತೋ ಬಳ್ಳಿ. ಹತ್ತೋದು ಬೆಳಕಿಗೋಸ್ಕರ. ಅಷ್ಟು ದೂರ ಯಾಕೆ, ಮನಿ ಪ್ಲಾಂಟ್ ನೋಡಿ. ಟಿವಿ ಪಕ್ಕದ ಬಾಟಲಿಯಲ್ಲಿ ವೀಳ್ಯದೆಲೆಯಷ್ಟು ಎಲೆ. ಅಜ್ಜಿ ಮನೆ ತೆಂಗಿನಮರಕ್ಕೆ ಹಬ್ಬಿರೋದರದ್ದು ಮೊರದಗಲ! ಮೂರನೇ ಫೋಟೋ ಅದೇ. ಎರಡೂ ಒಂದೇ ಗಿಡ.

ಬೆಳಕು ಕಡಿಮೆಯಾದ್ರೆ ಗಿಡ ನೀರು ಕುಡಿಯೋದೂ ಕಡಿಮೆ. ಮಣ್ಣು ಒದ್ದೆಯಾಗೇ ಇರತ್ತೆ, ಬೇರಿಗೆ ಗಾಳಿ ಸಿಗದೆ ಕೊಳೆಯತ್ತೆ. ಕೊಳೆತ ಬೇರು ನೀರೆಳೆಯಲ್ಲ, ಎಲೆ ಜೋತು ಬೀಳತ್ತೆ. ನೋಡಿದೋರಿಗೆ ಬಾಯಾರಿದ ಹಾಗೇ ಕಾಣತ್ತೆ. ಪಾಪ ಅಂತ ಇನ್ನೊಂದು ಲೋಟ ಸುರೀತೀವಿ. ನಾನೂ ಸುರಿದೆ.

ಇನ್ನು "ರೂಮಿನ ಗಾಳಿ ಶುದ್ಧ ಮಾಡತ್ತೆ" ಅನ್ನೋ ಬುರುಡೆ. ಇದಕ್ಕೆ ಎಲ್ಲರೂ ತೋರಿಸೋ 1989ರ ನಾಸಾ ಪ್ರಯೋಗ ನಡೆದಿದ್ದು ಮುಚ್ಚಿದ ಪುಟ್ಟ ಚೇಂಬರ್‌ಗಳಲ್ಲಿ, ನಿಮ್ಮ ಬೆಡ್‌ರೂಮಲ್ಲಲ್ಲ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಹಳೇ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ಲೆಕ್ಕ ಹಾಕಿದ್ರು. ಕಟ್ಟಡದಲ್ಲಿ ಗಾಳಿ ಒಳಗೆ ಹೊರಗೆ ಆಡೋದ್ರಿಂದಲೇ ಆಗೋ ಕೆಲಸಕ್ಕೆ ಗಿಡಗಳು ಸಮ ಬರ್ಬೇಕಂದ್ರೆ ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕು. ನಮ್ಮ ಪಿಜಿ ಆಂಟಿ ಒಂದು ಕೆಟಲ್ ಇಡೋಕೇ ಬಿಡಲ್ಲ. ಕಿಟಕಿ ತೆಗೀರಿ, ಸಾಕು.

"ಹಾಗಾದ್ರೆ ಗಿಡ ಬೆಳೆಸ್ಲೇಬಾರ್ದಾ?" ಬೆಳೆಸಿ. ಕಿಟಕಿಯಿಂದ ಎರಡು ಮೂರು ಅಡಿಯೊಳಗೆ ಇಡಿ. ಬೆರಳನ್ನ ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿ, ಒಣಗಿದ್ರೆ ಮಾತ್ರ ತಳದ ತೂತಿಂದ ಹರಿಯೋವರೆಗೆ ನೀರು ಹಾಕಿ, ತಟ್ಟೆಯಲ್ಲಿ ನಿಂತಿದ್ದನ್ನ ಚೆಲ್ಲಿ. (ತೂತೇ ಇಲ್ಲದ ಸೆರಾಮಿಕ್ ಕುಂಡ ಮಾರೋರಿಗೆ ಏನನ್ನೋಣ!) ಗಿಫ್ಟ್ ಕೊಡ್ಬೇಕು ಅಂದ್ರೆ ಮೊದಲು ಅವರ ರೂಮಿಗೆ ಹೋಗಿ ಬನ್ನಿ. ಬೆಳಕಿಲ್ವಾ? ಮಸಾಲೆದೋಸೆ ಕೊಡ್ಸಿ.

ಕೊನೇ ಫೋಟೋ: ಕೊಳೆಯದೆ ಉಳಿದಿದ್ದ ಒಂದೇ ಒಂದು ಗೆಣ್ಣನ್ನ ಕತ್ತರಿಸಿ ನೀರಲ್ಲಿಟ್ಟಿದ್ದೆ, ಬಿಳೀ ಬೇರು ಬಂದಿದೆ. ಲ್ಯಾಬ್ ಪಕ್ಕದ ಕಾರಿಡಾರ್ ಕಿಟಕಿಯಲ್ಲಿದೆ. ದಯವಿಟ್ಟು ಅದಕ್ಕೆ ಯಾರೂ ಉಳಿದ ಟೀ ಸುರೀಬೇಡಿ.