ಹೊಲದ ಲೆಕ್ಕ ಬೇರೆ, ಅಂಗಡಿಯ ಲೆಕ್ಕ ಬೇರೆ



ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಕಮಲಾಪುರವಿದೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕೆಂಪು ಬಾಳೆಯಿಂದ ಆ ಊರಿನ ಹೆಸರು ದೂರದವರೆಗೂ ಹೋಗಿದೆ. ಅಲ್ಲಿಯ ಹಿರಿಯರೊಬ್ಬರು ತಮ್ಮ ಸೊಸೆಯನ್ನು ಕರೆದುಕೊಂಡು ಈಚೆಗೆ ನಮ್ಮ ಮನೆಗೆ ಬಂದಿದ್ದರು. ಅವರಿಗೆ ಸ್ವಂತ ಬಾಳೆಯ ತೋಟವಿದೆ, ತೊಗರಿ ಬೆಳೆಯುವ ಹೊಲವೂ ಇದೆ. ಅದರ ಜೊತೆಗೆ ಸುತ್ತಲಿನ ರೈತರಿಂದ ಹಣ್ಣು ಮತ್ತು ತೊಗರಿ ಖರೀದಿಸಿ ಕಲಬುರಗಿಯ ಮಾರುಕಟ್ಟೆಯಲ್ಲಿ ಮಾರುವ ವ್ಯಾಪಾರವನ್ನೂ ಹಲವು ವರ್ಷಗಳಿಂದ ನಡೆಸುತ್ತಿದ್ದಾರೆ.

ಮೊಮ್ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಶಿಕ್ಷಣ ಸಾಲಕ್ಕೆಂದು ಬ್ಯಾಂಕಿಗೆ ಹೋದಾಗ ಎರಡು ವರ್ಷಗಳ ಆದಾಯ ತೆರಿಗೆ ರಿಟರ್ನ್ ಕೇಳಿದರು. ಇವರ ಬಳಿ ಒಂದೂ ಇರಲಿಲ್ಲ. ಶುಲ್ಕ ಕಟ್ಟುವ ದಿನ ಸಮೀಪಿಸಿದ್ದರಿಂದ ಸೊಸೆಯ ಬಂಗಾರವನ್ನು ಅಡವಿಟ್ಟು ಮೊದಲ ಕಂತು ಕಟ್ಟಿದರು.

“ಹನ್ನೆರಡು ಲಕ್ಷದ ತನಕ ತೆರಿಗೆ ಇಲ್ಲಂತ ಎಲ್ಲಾರೂ ಅಂತಾರ್ರಿ. ತೆರಿಗೀನ ಇಲ್ಲಂದ ಮ್ಯಾಲೆ ಈ ರಿಟರ್ನ್ ಯಾಕ ಬೇಕ್ರಿ?” ಎಂಬುದು ಹಿರಿಯರ ಪ್ರಶ್ನೆ. ಇದು ನಮ್ಮ ಅನೇಕ ಮನೆಗಳ ಪ್ರಶ್ನೆಯೂ ಆಗಿರುವುದರಿಂದ ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ನಾಲ್ಕು ಲಕ್ಷಕ್ಕೂ ಹನ್ನೆರಡು ಲಕ್ಷಕ್ಕೂ ಇರುವ ಅಂತರವನ್ನು ತಿಳಿಯೋಣ. 2025–26ನೇ ಹಣಕಾಸು ವರ್ಷಕ್ಕೆ ಹೊಸ ಪದ್ಧತಿಯಲ್ಲಿ 4 ಲಕ್ಷ ರೂಪಾಯಿಯವರೆಗೆ ತೆರಿಗೆ ಇಲ್ಲ. 4ರಿಂದ 8 ಲಕ್ಷದವರೆಗಿನ ಭಾಗಕ್ಕೆ ಶೇ. 5, 8ರಿಂದ 12 ಲಕ್ಷದವರೆಗೆ ಶೇ. 10, 12ರಿಂದ 16 ಲಕ್ಷದವರೆಗೆ ಶೇ. 15, ಹೀಗೆ ಏರುತ್ತ ಹೋಗಿ 24 ಲಕ್ಷ ಮೀರಿದ ಭಾಗಕ್ಕೆ ಶೇ. 30 ಆಗುತ್ತದೆ. ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ, ಹೀಗೆ ಲೆಕ್ಕ ಹಾಕಿ ಬಂದ ತೆರಿಗೆಯನ್ನು 60,000 ರೂಪಾಯಿಯವರೆಗೆ ರಿಯಾಯಿತಿಯೆಂದು ಬಿಟ್ಟುಕೊಡುತ್ತಾರೆ. ಸಂಬಳದವರಿಗೆ ಇದಲ್ಲದೆ 75,000 ರೂಪಾಯಿಯ ಕಡಿತವೂ ಉಂಟು.

ಆದ್ದರಿಂದ ವಿನಾಯಿತಿಯ ಮಿತಿ 4 ಲಕ್ಷವೇ ಹೊರತು 12 ಲಕ್ಷವಲ್ಲ. ಆದಾಯ 4 ಲಕ್ಷ ದಾಟಿತೆಂದರೆ ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸುವುದು ಕಡ್ಡಾಯ. ವ್ಯಾಪಾರದ ವಹಿವಾಟು ವರ್ಷಕ್ಕೆ 60 ಲಕ್ಷ ಮೀರಿದವರು ಆದಾಯ ಎಷ್ಟೇ ಕಡಿಮೆ ಇದ್ದರೂ ಸಲ್ಲಿಸಬೇಕು. ತಡವಾದರೆ 5,000 ರೂಪಾಯಿವರೆಗೆ ಶುಲ್ಕ ಬೀಳುತ್ತದೆ; ಆದಾಯ 5 ಲಕ್ಷ ಮೀರದವರಿಗೆ ಅದು 1,000 ರೂಪಾಯಿ. ತೆರಿಗೆ ಮನ್ನಾ ಆಗಬೇಕಾದರೆ ಮೊದಲು ಲೆಕ್ಕ ಒಪ್ಪಿಸಬೇಕು ಎಂಬುದು ಇದರ ತಾತ್ಪರ್ಯ.

ಎರಡನೆಯದು ಕೃಷಿ ಆದಾಯದ ವಿಷಯ. ಹೊಲದ ಉತ್ಪನ್ನದ ಮೇಲೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂಬುದು ನಿಜ. ಆದರೆ ಯಾವುದು ಕೃಷಿ ಆದಾಯ? ನಾವು ಬೆಳೆದ ಬಾಳೆಯನ್ನು ನಾವೇ ಮಾರಿದರೆ ಅದು ಕೃಷಿ ಆದಾಯ. ನೆರೆಯವರ ತೋಟದ ಗೊನೆ ಕೊಂಡು ಲಾಭಕ್ಕೆ ಮಾರಿದರೆ ಅದು ವ್ಯಾಪಾರದ ಆದಾಯ. ಹಣ್ಣು ಒಂದೇ ಬಣ್ಣದ್ದು, ಗಾಡಿಯೂ ಒಂದೇ. ಆದರೆ ಲೆಕ್ಕ ಎರಡು. ತೊಗರಿಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಸ್ವಂತ ಹೊಲದ ತೊಗರಿಯನ್ನು ಸ್ವಂತ ದಾಲ್ ಮಿಲ್ಲಿನಲ್ಲಿ ಬೇಳೆ ಮಾಡಿ ಮಾರುವವರಿಗೆ, ಆ ತೊಗರಿಯ ಮಾರುಕಟ್ಟೆ ಬೆಲೆ ಹೊಲದ ಲೆಕ್ಕಕ್ಕೆ ಸೇರುತ್ತದೆ. ಬೇಳೆ ಮಾಡಿದ್ದರಿಂದ ಬಂದ ಹೆಚ್ಚಿನ ಲಾಭ ವ್ಯಾಪಾರದ ಲೆಕ್ಕಕ್ಕೆ ಬರುತ್ತದೆ.

ನಮ್ಮ ಹಿರಿಯರು ಈ ಎರಡನ್ನೂ ಒಂದೇ ಉಳಿತಾಯ ಖಾತೆಗೆ ಹಾಕುತ್ತಿದ್ದರು. “ಎಲ್ಲಾ ಹೊಲದ್ದೇ ರೊಕ್ಕ” ಎಂಬುದು ಅವರ ನಂಬಿಕೆ. ಆದರೆ ಒಂದು ವರ್ಷದಲ್ಲಿ ಉಳಿತಾಯ ಖಾತೆಗೆ ಒಟ್ಟು 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಜಮೆಯಾದರೆ ಬ್ಯಾಂಕು ಅದನ್ನು ಇಲಾಖೆಗೆ ತಿಳಿಸಲೇಬೇಕು. ಮುಂದೆ ಎಂದಾದರೂ ಈ ಹಣದ ಮೂಲ ಯಾವುದೆಂದು ಕೇಳಿದಾಗ ಆಧಾರ ತೋರಿಸಲಾಗದಿದ್ದರೆ, ವಿನಾಯಿತಿಯ ಮಿತಿಯಾಗಲಿ ರಿಯಾಯಿತಿಯಾಗಲಿ ಇಲ್ಲದೆ ಭಾರವಾದ ದರದಲ್ಲಿ ತೆರಿಗೆ ಬೀಳುತ್ತದೆ. ಬೆವರು ಸುರಿಸಿ ಗಳಿಸಿದ ಹಣ ಲೆಕ್ಕವಿಲ್ಲದ ಕಾರಣಕ್ಕೆ ಸಂಶಯದ ಹಣವಾಗುವುದು ಎಂಥ ದುಃಖದ ಸಂಗತಿ!

ಇವರನ್ನು ಉಳಿಸಿದ್ದು ಸೊಸೆಯ ಒಂದು ನೋಟ್‌ಬುಕ್ಕು. ಹಾಲಿನ ಲೆಕ್ಕ ಬರೆಯುವ ಆ ಪುಸ್ತಕದ ಹಿಂಬದಿಯಲ್ಲಿ ಯಾವ ದಿನ ಯಾರ ತೋಟದಿಂದ ಎಷ್ಟು ಗೊನೆ ಬಂತು, ಎಷ್ಟು ಚೀಲ ತೊಗರಿ ಬಂತು, ಯಾರಿಗೆಷ್ಟು ಕೊಟ್ಟೆವು ಎಂದು ಆ ತಾಯಿ ತಪ್ಪದೆ ಬರೆದಿಟ್ಟಿದ್ದರು. ಅದನ್ನೂ ಬ್ಯಾಂಕಿನ ಪುಸ್ತಕವನ್ನೂ ಎದುರಿಗಿಟ್ಟುಕೊಂಡು 2025–26ನೇ ಸಾಲಿನ ಲೆಕ್ಕ ಬಿಡಿಸಿದೆವು.

ವ್ಯಾಪಾರದ ವಹಿವಾಟು 70 ಲಕ್ಷ. ಅದರಲ್ಲಿ ನಗದು 50 ಲಕ್ಷ, ಬ್ಯಾಂಕಿನ ಮೂಲಕ ಬಂದದ್ದು 20 ಲಕ್ಷ. ಇಂಥ ಸಣ್ಣ ವ್ಯಾಪಾರಿಗಳಿಗಾಗಿ ಅಂದಾಜು ಲಾಭದ ಪದ್ಧತಿಯೊಂದಿದೆ. ವಹಿವಾಟು 2 ಕೋಟಿ ಮೀರದಿದ್ದರೆ, ಅಥವಾ ನಗದಿನ ಪಾಲು ಶೇ. 5ರೊಳಗಿದ್ದು 3 ಕೋಟಿ ಮೀರದಿದ್ದರೆ, ನಗದಿನ ವಹಿವಾಟಿಗೆ ಶೇ. 8, ಬ್ಯಾಂಕು ಅಥವಾ ಫೋನಿನ ಮೂಲಕ ಬಂದ ವಹಿವಾಟಿಗೆ ಶೇ. 6ರಷ್ಟು ಲಾಭವೆಂದು ತೋರಿಸಿದರೆ ಸಾಕು. ನಿಜವಾದ ಲಾಭ ಇದಕ್ಕಿಂತ ಹೆಚ್ಚಾಗಿದ್ದರೆ ಹೆಚ್ಚನ್ನೇ ತೋರಿಸಬಹುದು. ಇವರ ಲೆಕ್ಕದಲ್ಲಿ 50 ಲಕ್ಷಕ್ಕೆ 4 ಲಕ್ಷ, 20 ಲಕ್ಷಕ್ಕೆ 1.20 ಲಕ್ಷ, ಒಟ್ಟು 5.20 ಲಕ್ಷ ವ್ಯಾಪಾರದ ಆದಾಯವಾಯಿತು. ಹೊಲದ ಖರ್ಚು ಕಳೆದು ಉಳಿದ ಕೃಷಿ ಆದಾಯ 4 ಲಕ್ಷ.

ಇಲ್ಲಿ ಒಂದು ನಿಯಮ ಗಮನಿಸಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ, ಅದು 5,000 ರೂಪಾಯಿ ಮೀರಿದ್ದು ಬೇರೆ ಆದಾಯ 4 ಲಕ್ಷ ದಾಟಿದ್ದರೆ, ದರ ನಿರ್ಧರಿಸುವುದಕ್ಕಾಗಿ ಅದನ್ನು ಸೇರಿಸಿಕೊಳ್ಳುತ್ತಾರೆ. ಎರಡೂ ಸೇರಿ 9.20 ಲಕ್ಷ, ಅದಕ್ಕೆ ತೆರಿಗೆ 32,000. ಕೃಷಿಯ 4 ಲಕ್ಷ ಮತ್ತು ವಿನಾಯಿತಿಯ 4 ಲಕ್ಷ ಸೇರಿ 8 ಲಕ್ಷ. ಅದಕ್ಕೆ ತೆರಿಗೆ 20,000. ವ್ಯತ್ಯಾಸ 12,000 ರೂಪಾಯಿ. ಅವರ ಒಟ್ಟು ಆದಾಯವೆಂದು ಪರಿಗಣಿಸುವುದು 5.20 ಲಕ್ಷ ಮಾತ್ರವಾದ್ದರಿಂದ ಆ 12,000ವೂ ರಿಯಾಯಿತಿಯಲ್ಲಿ ಹೋಗಿ ಕಟ್ಟಬೇಕಾದದ್ದು ಸೊನ್ನೆಯಾಯಿತು. ಹಿರಿಯರು ಬಹಳ ಹೊತ್ತು ಆ ಸೊನ್ನೆಯನ್ನೇ ನೋಡುತ್ತ ಕುಳಿತರು. ಒಂದು ಪೈಸೆ ತೆರಿಗೆಯೂ ಬಾರದ ಲೆಕ್ಕವನ್ನು ಇಷ್ಟು ವರ್ಷ ಒಪ್ಪಿಸದೆ ಇದ್ದುದಕ್ಕೆ ಮನೆಯ ಬಂಗಾರ ಅಡವಿಗೆ ಹೋಗಿತ್ತು.

ಈ ಪದ್ಧತಿಯನ್ನು ಅನುಸರಿಸುವ ಬಂಧುಗಳು ಇನ್ನೂ ಕೆಲವು ಮಾತುಗಳನ್ನು ನೆನಪಿಡಬೇಕು. ಕಲಬುರಗಿಯ ಮಾರುಕಟ್ಟೆಯಲ್ಲಿ ಅಡತ್ ಅಂಗಡಿ ನಡೆಸುವವರಿಗೆ, ಅಂದರೆ ಕಮಿಷನ್ ಅಥವಾ ದಲಾಲಿಯಿಂದ ಗಳಿಸುವವರಿಗೆ, ಈ ಅನುಕೂಲವಿಲ್ಲ. ಅವರು ಪೂರ್ಣ ಲೆಕ್ಕಪತ್ರವನ್ನೇ ಇಡಬೇಕು. ವೈದ್ಯರು, ವಕೀಲರು, ಇಂಜಿನಿಯರರು ಮೊದಲಾದ ವೃತ್ತಿಯವರಿಗೆ ಪ್ರತ್ಯೇಕ ನಿಯಮವಿದ್ದು, ವರ್ಷದಲ್ಲಿ ಬಂದ ಒಟ್ಟು ಹಣ 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನು ಲಾಭವೆಂದು ತೋರಿಸಬಹುದು. ಕೃಷಿ ಆದಾಯ 5,000 ರೂಪಾಯಿ ಮೀರಿದವರಿಗೆ ‘ಸುಗಮ್’ ಎಂಬ ಸರಳ ನಮೂನೆ ಸಲ್ಲದು. ವ್ಯಾಪಾರವೂ ಇದ್ದರೆ ಮೂರನೆಯ ನಮೂನೆಯನ್ನು ತುಂಬಬೇಕು. ಕಟ್ಟಬೇಕಾದ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚಾಗುವಂತಿದ್ದರೆ ಅದನ್ನು ಮಾರ್ಚ್ 15ರೊಳಗೆ ಮುಂಗಡವಾಗಿ ಕಟ್ಟಬೇಕು.

ಮಠ ಮತ್ತು ದಾಸೋಹಕ್ಕೆ ಕೊಟ್ಟ ಕಾಣಿಕೆಯ ಬಗೆಗೂ ಹಲವರು ಕೇಳುತ್ತಾರೆ. ದಾನದ ಕಡಿತ ಹಳೆಯ ಪದ್ಧತಿಯಲ್ಲಿ ಮಾತ್ರ ದೊರೆಯುತ್ತದೆ. ಅದೂ ಇಲಾಖೆಯ ಅನುಮತಿ ಪಡೆದ ಸಂಸ್ಥೆಗೆ ಕೊಟ್ಟು ರಸೀದಿ ಪಡೆದಾಗ. 2,000 ರೂಪಾಯಿ ಮೀರಿದ ನಗದಿಗೂ ದಾಸೋಹಕ್ಕೆ ಕಳಿಸಿದ ಜೋಳದ ಚೀಲಕ್ಕೂ ಕಡಿತವಿಲ್ಲ. ಹಾಗೆಂದು ಯಾರೂ ಚೀಲ ಕಳಿಸುವುದನ್ನು ನಿಲ್ಲಿಸಲಾರರು. ತೆರಿಗೆ ಉಳಿಸಲೆಂದು ನಾವು ದಾಸೋಹ ಮಾಡುವವರಲ್ಲ.

1961ರ ಕಾಯ್ದೆಯ ಸ್ಥಾನಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ. ದರ ಮತ್ತು ಮಿತಿಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದರಿಂದ ಆಯಾ ವರ್ಷದ ನಿಯಮವನ್ನು ತಿಳಿದವರಲ್ಲಿ ಕೇಳಿಕೊಂಡೇ ಮುಂದುವರಿಯಬೇಕು.

ಬದಲಾಗದ ಮಾತು ಒಂದಿದೆ. ಕಾಯಕ ಶುದ್ಧವಾಗಿದ್ದರೆ ಸಾಲದು, ಅದರ ಲೆಕ್ಕವೂ ಶುದ್ಧವಾಗಿರಬೇಕು. ಕಲ್ಯಾಣದಲ್ಲಿ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ದಾರಿಯಲ್ಲಿ ನಡೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯಾಪಾರಕ್ಕೆ ಒಂದು ಚಾಲ್ತಿ ಖಾತೆ, ಹೊಲ ಮತ್ತು ಮನೆಗೆ ಒಂದು ಉಳಿತಾಯ ಖಾತೆ, ದಿನಕ್ಕೆ ನಾಲ್ಕು ಸಾಲು ಬರೆಯುವ ಒಂದು ಪುಸ್ತಕ, ವರ್ಷಕ್ಕೊಂದು ರಿಟರ್ನ್: ಇಷ್ಟನ್ನು ಪ್ರತಿ ಮನೆಯೂ ಮಾಡಬಹುದು. ಹಿರಿಯರು ಹೊರಡುವಾಗ ಆ ನೋಟ್‌ಬುಕ್ಕನ್ನು ಸೊಸೆಯ ಕೈಗೆ ಕೊಟ್ಟು, “ಇನ್ನ ಮ್ಯಾಲೆ ಇದನ್ನ ಹಿಂದಿನ ಹಾಳಿಯಾಗ ಬರಿಬ್ಯಾಡವ್ವಾ, ಹೊಸ ಪುಸ್ತಕ ತರತೀನಿ” ಎಂದರು.

ಶರಣು.